ಮಗ್ಗ ಮಾರಿದವರು, ಮಗ್ಗ ಉಳಿಸಿಕೊಂಡವರು



ನಾನು ಸೊಲ್ಲಾಪುರ ಜಿಲ್ಲೆಯವನು. ಮ್ಯಾಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಕೌಂಟರಿನಲ್ಲಿ ಒಬ್ಬರ ಸಂಗಡ ಕನ್ನಡ, ಅವರ ಹಿಂದೆ ನಿಂತವರ ಸಂಗಡ ಮರಾಠಿ, ಲೆಡ್ಜರಿನಲ್ಲಿ ಇಂಗ್ಲಿಷ್. ಹೀಗೆ ನನ್ನ ನೌಕರಿ ಸಾಗಿತು. ಇವತ್ತು ನಾನು ಹೇಳಹೊರಟಿರುವುದು ಅಮೆರಿಕದ ಎರಡು ಕಂಪನಿಗಳ ಇತಿಹಾಸ. ಒಂದರ ಹೆಸರು ಇಂಟೆಲ್, ಇನ್ನೊಂದರ ಹೆಸರು ಎಎಂಡಿ. ಹಳ್ಳಿಯ ಗುಮಾಸ್ತನಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ, ಕೇಳಿರಿ.

1980ರ ದಶಕದ ಕೊನೆಗೆ ನಮ್ಮ ಶಾಖೆಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂತು. ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಬರಮಾಡಿಕೊಂಡೆವು. ಒಳಗೊಳಗೆ ನಮ್ಮ ನೌಕರಿ ಹೋದೀತೆಂಬ ಹೆದರಿಕೆಯೂ ಇತ್ತು. ಒಂದು ದಿನ ಯಂತ್ರ ಕೆಟ್ಟಿತು. ರಿಪೇರಿಗೆ ಬಂದ ಹುಡುಗ ಮುಚ್ಚಳ ತೆಗೆದು, "ಸಾಹೇಬರೇ, ಇದೇ ನೋಡಿರಿ ಇದರ ಮಿದುಳು" ಎಂದು ಒಂದು ಕರಿಯ ತುಣುಕನ್ನು ತೋರಿಸಿದ. ಅದರ ಮೇಲೆ ದೊಡ್ಡದಾಗಿ ಎಎಂಡಿ ಎಂದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇಂಟೆಲ್ ಎಂದಿತ್ತು. "ಒಂದೇ ಸಾಮಾನಿಗೆ ಎರಡು ಹೆಸರು ಯಾಕಪ್ಪಾ?" ಎಂದೆ. "ಜಾಯಿಂಟ್ ಅಕೌಂಟ್ ಇರಬೇಕು ಬಿಡಿರಿ" ಎಂದು ನಕ್ಕುಬಿಟ್ಟ.

ಅವನು ಚೇಷ್ಟೆಗೆ ಹೇಳಿದ್ದ. ಮುಂದೆ ಓದುತ್ತ ಹೋದಾಗ ತಿಳಿಯಿತು, ಅವನ ಮಾತು ಸುಳ್ಳಾಗಿರಲಿಲ್ಲ. ಅದು ನಿಜವಾಗಿಯೂ ಜೋಡು ಖಾತೆಯೇ. ಆ ಖಾತೆ ಹೇಗೆ ತೆರೆಯಿತು, ಹೇಗೆ ಒಡೆಯಿತು, ಯಾರ ಲೆಕ್ಕ ತಾಳೆಯಾಯಿತು, ಯಾರದು ಆಗಲಿಲ್ಲ ಎಂಬುದೇ ಇವತ್ತಿನ ಮಾತು.

ಮೊದಲು ಹುಟ್ಟಿನ ಸಂಗತಿ. ಅಮೆರಿಕದ ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯಾದಲ್ಲಿ ಫೇರ್‌ಚೈಲ್ಡ್ ಎಂಬ ಕಂಪನಿ ಇತ್ತು. ಅಲ್ಲಿ ದೊಡ್ಡ ಹುದ್ದೆಯಲ್ಲಿದ್ದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ ಎಂಬ ಇಬ್ಬರು 1968ರಲ್ಲಿ ಹೊರಬಿದ್ದು ಇಂಟೆಲ್ ಕಟ್ಟಿದರು. ಮರುವರ್ಷ, 1969ರ ಮೇ ತಿಂಗಳಲ್ಲಿ, ಅದೇ ಕಂಪನಿಯಿಂದ ಜೆರ್ರಿ ಸ್ಯಾಂಡರ್ಸ್ ಎಂಬವರು ಏಳು ಜನ ಸಂಗಾತಿಗಳೊಡನೆ ಹೊರಬಂದು ಎಎಂಡಿ ಕಟ್ಟಿದರು. ಅಂದರೆ ಒಂದೇ ಮನೆಯಿಂದ ಬೇರೆಯಾದ ಅಣ್ಣ ತಮ್ಮಂದಿರಿದ್ದಂತೆ. ಅಣ್ಣ ವಿಜ್ಞಾನಿ, ತಮ್ಮ ಮಾರಾಟಗಾರ. ಸ್ಯಾಂಡರ್ಸ್ ಮೂಲತಃ ಮಾಲು ಮಾರುವ ವಿಭಾಗದವರು.

1981ರಲ್ಲಿ ಐಬಿಎಂ ಕಂಪನಿ ಮೇಜಿನ ಮೇಲೆ ಇಡುವ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಬೇಕಾದ ಚಿಪ್ಪನ್ನು ಇಂಟೆಲ್‌ನಿಂದ ಆರಿಸಿಕೊಂಡಿತು. ಆದರೆ ಒಂದು ಕರಾರು ಹಾಕಿತು: ಒಬ್ಬನೇ ಒದಗಿಸುವವನನ್ನು ನಂಬಿ ನಾವು ಧಂದೆ ಮಾಡುವುದಿಲ್ಲ, ಇದೇ ಮಾಲನ್ನು ತಯಾರಿಸುವ ಇನ್ನೊಬ್ಬನೂ ಬೇಕು. ಸಾಲ ಕೊಡುವಾಗ ನಮ್ಮ ಮ್ಯಾನೇಜರು ಜಾಮೀನುದಾರ ಎಲ್ಲಿ ಎಂದು ಕೇಳುವುದಿಲ್ಲವೇ, ಹಾಗೆ. ಹೀಗಾಗಿ 1982ರಲ್ಲಿ ಇಂಟೆಲ್ ಮತ್ತು ಎಎಂಡಿ ಹತ್ತು ವರ್ಷದ ಒಪ್ಪಂದ ಮಾಡಿಕೊಂಡವು. ಇಂಟೆಲ್ ನಕ್ಷೆ ಕೊಡುತ್ತದೆ, ಎಎಂಡಿಯೂ ಅದನ್ನು ತನ್ನ ಕಾರಖಾನೆಯಲ್ಲಿ ತಯಾರಿಸುತ್ತದೆ. ನಮ್ಮ ಶಾಖೆಯ ಯಂತ್ರದಲ್ಲಿದ್ದ ಆ ತುಣುಕಿನ ಮೇಲೆ ಎರಡು ಹೆಸರು ಬಂದದ್ದು ಹೀಗೆ. ನಕ್ಷೆಯ ಹಕ್ಕು ಒಬ್ಬನದು, ನೇಯ್ದ ಕೈ ಇನ್ನೊಬ್ಬನದು.

ಇಲ್ಲಿ ಸ್ವಲ್ಪ ನಿಂತು, ಈ ಚಿಪ್ಪನ್ನು ಹೇಗೆ ತಯಾರಿಸುತ್ತಾರೆ ಎಂದು ತಿಳಿದುಕೊಳ್ಳೋಣ. ಇಲ್ಲವಾದರೆ ಮುಂದಿನ ಜಗಳ ಅರ್ಥವಾಗದು.

ಚಿಪ್ಪಿನ ಮೂಲವಸ್ತು ಸಿಲಿಕಾನ್. ಮರಳಿನಲ್ಲಿ ಇರುವುದು ಅದೇ. ಅದನ್ನು ಅತಿ ಶುದ್ಧಮಾಡಿ, ಕರಗಿಸಿ, ದುಂಡಗಿನ ಕಂಬವಾಗಿ ಬೆಳೆಸಿ, ತೆಳ್ಳಗೆ ಬಿಲ್ಲೆಗಳಾಗಿ ಕೊಯ್ಯುತ್ತಾರೆ. ಆ ಬಿಲ್ಲೆಯ ಮೇಲೆ ಬೆಳಕಿನಿಂದ ನಕ್ಷೆ ಮೂಡಿಸುತ್ತಾರೆ. ಹಳೆಯ ಫೋಟೋ ಸ್ಟುಡಿಯೋದಲ್ಲಿ ನೆಗೆಟಿವ್‌ನಿಂದ ಕಾಗದದ ಮೇಲೆ ಚಿತ್ರ ಇಳಿಸುತ್ತಿದ್ದರಲ್ಲ, ಅದೇ ರೀತಿ. ಬೆಳಕು ಬಿದ್ದ ಜಾಗ ಒಂದು ತರಹ, ಬೀಳದ ಜಾಗ ಇನ್ನೊಂದು ತರಹ. ಬೇಡವಾದದ್ದನ್ನು ಕೆರೆದು, ಬೇಕಾದದ್ದನ್ನು ತುಂಬಿ, ಪದರದ ಮೇಲೆ ಪದರ ಕಟ್ಟುತ್ತ ಹೋಗುತ್ತಾರೆ. ಕೊನೆಗೆ ಒಂದು ಬಿಲ್ಲೆಯಿಂದ ನೂರಾರು ಚಿಪ್‌ಗಳನ್ನು ಕತ್ತರಿಸಿ ತೆಗೆಯುತ್ತಾರೆ.

ಗೆರೆಗಳು ಸಣ್ಣದಾದಷ್ಟೂ ಒಂದು ಚಿಪ್ಪಿನಲ್ಲಿ ಹೆಚ್ಚು ಕೆಲಸ ಹಿಡಿಸುತ್ತದೆ, ವಿದ್ಯುತ್ ಕಡಿಮೆ ಸಾಕು. ಆ ಸಣ್ಣತನದ ಅಳತೆಯೇ ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಇಂಟೆಲ್ 1971ರಲ್ಲಿ ತಂದ ಮೊದಲ ಮಿದುಳು ಚಿಪ್ಪಿನಲ್ಲಿ ಸುಮಾರು 2300 ಟ್ರಾನ್ಸಿಸ್ಟರುಗಳಿದ್ದವು. ಇಂದಿನ ಚಿಪ್‌ಗಳಲ್ಲಿ ಅವು ನೂರಾರು ಕೋಟಿ.

ಆದರೆ ಲಾಭ ನಷ್ಟದ ಗುಟ್ಟು ಬೇರೆಯೇ ಇದೆ. ಉದಾಹರಣೆಗೆ ಒಂದು ಬಿಲ್ಲೆಯಲ್ಲಿ ನೂರು ಚಿಪ್ ಇದ್ದು, ಎಂಬತ್ತು ಸರಿಯಾಗಿ ಬಂದರೆ ಕಂಪನಿಗೆ ಹಬ್ಬ. ಮೂವತ್ತೇ ಸರಿ ಬಂದರೆ ಖರ್ಚು ಅಷ್ಟೇ, ಮಾಲು ಮಾತ್ರ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಹಿಟ್ಟು ಅಷ್ಟೇ ಹೋಯಿತು, ಉರುವಲು ಅಷ್ಟೇ ಹೋಯಿತು, ರೊಟ್ಟಿ ಮಾತ್ರ ಹರಿದುಹೋದವು. ಪ್ರತಿ ಸಲ ಗೆರೆ ಸಣ್ಣದು ಮಾಡಿದಾಗಲೂ ಈ ಇಳುವರಿಯನ್ನು ಮೊದಲಿನಿಂದ ಏರಿಸಬೇಕು. ಹಳೆಯ ತಯಾರಿಕೆಯಿಂದ ಹೊಸ ತಯಾರಿಕೆಗೆ ದಾಟುವ ಈ ಹೊತ್ತೇ ಕಂಪನಿಗೆ ಜೀವನ್ಮರಣದ ಹೊತ್ತು.

ಈಗ ಮತ್ತೆ ಕಥೆಗೆ ಬರೋಣ.

ಇಂಟೆಲ್‌ನ ಮೊದಲ ಧಂದೆ ಕಂಪ್ಯೂಟರಿನ ಮಿದುಳಲ್ಲ, ನೆನಪಿನ ಚಿಪ್ಪು. 1980ರ ದಶಕದ ನಡುವೆ ಜಪಾನಿನವರು ಆ ಮಾಲನ್ನು ಹೆಚ್ಚು ಚೆನ್ನಾಗಿ, ಹೆಚ್ಚು ಅಗ್ಗವಾಗಿ ಮಾಡತೊಡಗಿದರು. 1985ರಲ್ಲಿ ಒಂದು ದಿನ ಇಂಟೆಲ್‌ನ ಅಧ್ಯಕ್ಷ ಆ್ಯಂಡಿ ಗ್ರೋವ್ ತಮ್ಮ ಹಿರಿಯರಾದ ಮೂರ್ ಅವರನ್ನು ಒಂದು ಪ್ರಶ್ನೆ ಕೇಳಿದರಂತೆ. ನಮ್ಮಿಬ್ಬರನ್ನೂ ಹೊರಹಾಕಿ ಬೇರೆಯವರನ್ನು ತಂದರೆ, ಬಂದವನು ಮೊದಲು ಏನು ಮಾಡುತ್ತಾನೆ? ನೆನಪಿನ ಚಿಪ್ಪಿನ ಧಂದೆ ಬಿಡುತ್ತಾನೆ ಎಂದರು ಮೂರ್. ಹಾಗಾದರೆ ಅದನ್ನು ನಾವೇ ಮಾಡಿದರಾಯಿತು ಎಂದರು ಗ್ರೋವ್. ಹಾಗೆಯೇ ಮಾಡಿದರು. ತಾವೇ ಹುಟ್ಟಿಸಿ ಬೆಳೆಸಿದ ಧಂದೆಯ ಖಾತೆಯನ್ನು ತಾವೇ ಮುಚ್ಚಿದರು. ಮರುವರ್ಷ ನಷ್ಟ ಬಂತು, ಆದರೂ ಕಂಪನಿ ಉಳಿಯಿತು. ಈ ಸಂಗತಿಯನ್ನು ನೆನಪಿಡಿರಿ, ಕೊನೆಯಲ್ಲಿ ಬೇಕಾಗುತ್ತದೆ.

ಅದೇ 1985ರಲ್ಲಿ ಇಂಟೆಲ್ 386 ಎಂಬ ಹೊಸ ಚಿಪ್ ತಂದಿತು. ಈ ಸಲ ತಮ್ಮನಿಗೆ ನಕ್ಷೆ ಕೊಡಲಿಲ್ಲ. ನಮ್ಮವೇ ಹಲವು ಕಾರಖಾನೆಗಳಿವೆ, ಇನ್ನು ಎರಡನೆಯವನ ಗರಜು ಇಲ್ಲ ಎಂಬ ನಿಲುವು ತಾಳಿತು. ಎಎಂಡಿ 1987ರಲ್ಲಿ ಪಂಚರ ಬಳಿ ಹೋಯಿತು. ತಾನೇ ಸ್ವಂತವಾಗಿ ಕೆಲಸ ಮಾಡಿ 1991ರಲ್ಲಿ ತನ್ನದೇ 386 ಅನ್ನು ಮಾರುಕಟ್ಟೆಗೆ ಬಿಟ್ಟಿತು. 1992ರಲ್ಲಿ ಪಂಚರ ತೀರ್ಪು ಎಎಂಡಿಯ ಪರವಾಗಿ ಬಂತು. 1994ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1995ರಲ್ಲಿ ಇಬ್ಬರೂ ರಾಜಿಯಾದರು. ಇನ್ನು ಮುಂದೆ ಯಾರ ನಕ್ಷೆ ಅವರದು, ಯಾರ ಮಗ್ಗ ಅವರದು.

ನಮ್ಮ ಕಡೆಯವರಿಗೆ ಹೆಮ್ಮೆಯ ಮಾತೊಂದು ಇಲ್ಲಿದೆ. 1993ರಲ್ಲಿ ಇಂಟೆಲ್ ತಂದ ಪೆಂಟಿಯಂ ಚಿಪ್ಪಿನ ಕೆಲಸ ನಡೆಸಿದವರಲ್ಲಿ ಮುಖ್ಯರು ವಿನೋದ್ ಧಾಮ್. ನಮ್ಮ ಸೊಲ್ಲಾಪುರದಿಂದ ಒಂದು ರೈಲಿನ ದೂರದ ಪುಣೆಯಲ್ಲಿ ಹುಟ್ಟಿದವರು. ಅವರು 1995ರಲ್ಲಿ ಇಂಟೆಲ್ ಬಿಟ್ಟು ನೆಕ್ಸ್‌ಜೆನ್ ಎಂಬ ಸಣ್ಣ ಕಂಪನಿ ಸೇರಿದರು. ಆ ಕಂಪನಿಯನ್ನು ಎಎಂಡಿ ಕೊಂಡುಕೊಂಡಿತು. ಹೀಗೆ ಅಣ್ಣನ ಮನೆಯ ಚಿಪ್ ಕಟ್ಟಿದವರೇ ತಮ್ಮನ ಮನೆಯಲ್ಲಿ ಕೆ6 ಎಂಬ ಚಿಪ್ಪಿಗೂ ದುಡಿದರು.

ಜೆರ್ರಿ ಸ್ಯಾಂಡರ್ಸ್ ಅವರದು ಒಂದು ಗಟ್ಟಿ ನಂಬಿಕೆ. ಸ್ವಂತ ಕಾರಖಾನೆ ಇದ್ದವನೇ ನಿಜವಾದ ಗಂಡಸು ಎಂಬರ್ಥದ ಅವರ ಮಾತು ಆ ಧಂದೆಯಲ್ಲೆಲ್ಲ ಪ್ರಸಿದ್ಧವಾಗಿತ್ತು. ಸೊಲ್ಲಾಪುರದ ಮಗ್ಗದ ಪೇಟೆ ಬಲ್ಲವರಿಗೆ ಇದು ಕೂಡಲೇ ತಿಳಿಯುತ್ತದೆ. ಸ್ವಂತ ಮಗ್ಗ ಇಟ್ಟು ಚಾದರ ನೇಯುವವರು ಒಂದು ತರಹ. ನೂಲು ಕೊಟ್ಟು, ಮಜೂರಿಯ ಮೇಲೆ ನೇಯಿಸಿಕೊಂಡು, ತಮ್ಮ ಛಾಪು ಹಾಕಿ ಮಾರುವವರು ಇನ್ನೊಂದು ತರಹ. ಮಗ್ಗ ಇದ್ದವನು ಎರಡನೆಯವನನ್ನು ಸ್ವಲ್ಪ ಕೀಳಾಗಿಯೇ ನೋಡುತ್ತಾನೆ. ಸ್ಯಾಂಡರ್ಸ್ ಮಗ್ಗ ಇದ್ದವರ ಸಾಲಿನವರು.

ಆ ನಂಬಿಕೆಯ ಮೇಲೆ ಅವರು ಜರ್ಮನಿಯ ಡ್ರೆಸ್ಡನ್ ನಗರದಲ್ಲಿ ಹೊಸ ಕಾರಖಾನೆ ಕಟ್ಟಿಸಿದರು. ಅದು ಹಿಂದೆ ಪೂರ್ವ ಜರ್ಮನಿಗೆ ಸೇರಿದ್ದ ಊರು. ಕಾರಖಾನೆ 1999ರಲ್ಲಿ ತೆರೆಯಿತು. ಅಲ್ಲಿಯ ವಿಶೇಷ ತಾಮ್ರ. ಅದುವರೆಗೆ ಚಿಪ್ಪಿನೊಳಗಿನ ತಂತಿಗಳು ಹೆಚ್ಚಾಗಿ ಅಲ್ಯೂಮಿನಿಯಂನವು. ತಾಮ್ರದಲ್ಲಿ ವಿದ್ಯುತ್ ಹೆಚ್ಚು ಸಲೀಸಾಗಿ ಹರಿಯುತ್ತದೆ, ಆದರೆ ಅದು ಸಿಲಿಕಾನಿನೊಳಗೆ ಇಳಿದರೆ ಚಿಪ್ ಕೆಡುತ್ತದೆ. ಅದನ್ನು ತಡೆಯುವ ಪದರ ಹಾಕಬೇಕು. ಮೊಟೊರೊಲಾ ಕಂಪನಿಯ ಜೊತೆಗೂಡಿ ಎಎಂಡಿ ಆ ವಿದ್ಯೆ ಸಾಧಿಸಿತು. 1999ರಲ್ಲಿ ಬಂದ ಅಥ್ಲಾನ್ ಎಂಬ ಚಿಪ್ ಮೊದಲ ಸಲ ಇಂಟೆಲ್‌ಗೆ ಸರಿಸಾಟಿಯಾಗಿ ನಿಂತಿತು. 2000ದ ಮಾರ್ಚ್ 6ರಂದು ಎಎಂಡಿ ಒಂದು ಗಿಗಾಹರ್ಟ್ಸ್ ವೇಗದ ಚಿಪ್ ಘೋಷಿಸಿತು. ಅಂದರೆ ಒಂದು ಸೆಕೆಂಡಿಗೆ ನೂರು ಕೋಟಿ ಬಡಿತ. ಇಂಟೆಲ್ ಎರಡು ದಿನ ತಡವಾಗಿ ಅದೇ ಗೆರೆ ಮುಟ್ಟಿತು.

ಗಡಿಯಲ್ಲಿರುವ ನಮಗೆ ಹತ್ತಿರವೆನಿಸುವ ಇನ್ನೊಂದು ಪ್ರಸಂಗ ಹೇಳುತ್ತೇನೆ. ಚಿಪ್ಪಿಗೂ ಒಂದು ಭಾಷೆ ಇದೆ. ಆ ಭಾಷೆಯಲ್ಲಿ ಬರೆದ ಆಜ್ಞೆಗಳನ್ನಷ್ಟೇ ಅದು ತಿಳಿಯುತ್ತದೆ. ದೊಡ್ಡ ಲೆಕ್ಕ ಹಿಡಿಯುವ 64 ಬಿಟ್‌ನ ಕಾಲ ಬಂದಾಗ ಇಂಟೆಲ್ ಹೊಸ ಭಾಷೆಯ ಇಟೇನಿಯಂ ಎಂಬ ಚಿಪ್ಪನ್ನು 2001ರಲ್ಲಿ ತಂದಿತು. ಹಳೆಯ ಬರಹವೆಲ್ಲ ಅದರಲ್ಲಿ ಕುಂಟುತ್ತಿತ್ತು. ಎಎಂಡಿ ಹಳೆಯ ಭಾಷೆಯನ್ನು ಹಾಗೆಯೇ ಇಟ್ಟುಕೊಂಡು ಅದಕ್ಕೆ ಹೊಸ ಮಾತುಗಳನ್ನು ಸೇರಿಸಿ 2003ರಲ್ಲಿ ಆಪ್ಟೆರಾನ್ ತಂದಿತು. ಮನೆಮಾತು ಬಿಟ್ಟು ಬಾ ಎಂದವನ ಹಿಂದೆ ಜನ ಹೋಗಲಿಲ್ಲ. ಮನೆಮಾತೂ ಇರಲಿ, ಹೊಸದನ್ನೂ ಕಲಿ ಎಂದವನ ಹಿಂದೆ ಹೋದರು. 2004ರಲ್ಲಿ ಇಂಟೆಲ್ ಕೂಡ ತಮ್ಮನ ದಾರಿಯನ್ನೇ ಹಿಡಿಯಿತು.

ಇಷ್ಟಾದ ಮೇಲೆ ಎಎಂಡಿ ಗೆದ್ದುಬಿಟ್ಟಿತು ಎಂದುಕೊಂಡಿರಾ? ಇಲ್ಲ. ಮಗ್ಗ ಸಾಕುವ ಖರ್ಚು ಮುಂದೆ ಬಂತು.

ಆಗ ಬಿಲ್ಲೆಯ ಅಳತೆ 200 ಮಿಲಿಮೀಟರ್‌ನಿಂದ 300 ಮಿಲಿಮೀಟರ್‌ಗೆ ಏರುತ್ತಿತ್ತು. ಅಡ್ಡಳತೆ ಒಂದೂವರೆ ಪಟ್ಟಾದರೆ ವಿಸ್ತಾರ ಎರಡೂಕಾಲು ಪಟ್ಟು. ಲಾಭ ದೊಡ್ಡದು, ಆದರೆ ಯಂತ್ರವೆಲ್ಲ ಹೊಸದು ಬೇಕು. ಎಎಂಡಿ ಡ್ರೆಸ್ಡನ್‌ನಲ್ಲಿಯೇ ಎರಡನೆಯ ಕಾರಖಾನೆ ಹಾಕಿತು. ಅದು 2005ರಲ್ಲಿ ತೆರೆಯಿತು. ಅದೇ ವರ್ಷ, ನಮ್ಮ ಮಾಲು ಕೊಳ್ಳದಂತೆ ಇಂಟೆಲ್ ಕಂಪ್ಯೂಟರ್ ತಯಾರಕರಿಗೆ ಹಣದ ಆಮಿಷ ಒಡ್ಡುತ್ತಿದೆ ಎಂದು ಕೋರ್ಟಿಗೂ ಹೋಯಿತು. ಈ ವ್ಯಾಜ್ಯ 2009ರಲ್ಲಿ ರಾಜಿಯಾಗಿ, ಇಂಟೆಲ್ ಎಎಂಡಿಗೆ 125 ಕೋಟಿ ಡಾಲರ್ ಕೊಟ್ಟಿತು. ಯೂರೋಪಿನ ಆಯೋಗವೂ ಅದೇ ವರ್ಷ ಇಂಟೆಲ್‌ಗೆ 106 ಕೋಟಿ ಯೂರೋ ದಂಡ ಹಾಕಿತು. ಆ ದಂಡವನ್ನು 2022ರಲ್ಲಿ ಅಲ್ಲಿಯ ನ್ಯಾಯಾಲಯ ರದ್ದುಮಾಡಿತು. ಆಯೋಗ 2023ರಲ್ಲಿ ಪ್ರಕರಣದ ಒಂದು ಭಾಗಕ್ಕೆ ಮಾತ್ರ ಸಣ್ಣ ದಂಡವನ್ನು ಮತ್ತೆ ಹಾಕಿತು.

2006ರಲ್ಲಿ ಎರಡು ಪೆಟ್ಟು ಒಟ್ಟಿಗೆ ಬಿದ್ದವು. ಇಂಟೆಲ್ ಕೋರ್ 2 ಎಂಬ ಉತ್ತಮ ಚಿಪ್ ತಂದಿತು. ಅದೂ 65 ನ್ಯಾನೋಮೀಟರ್‌ನ ತಯಾರಿಕೆಯಲ್ಲಿ, ಎಎಂಡಿಗಿಂತ ಸುಮಾರು ಒಂದು ವರ್ಷ ಮುಂದೆ. ಅದೇ ವರ್ಷ ಎಎಂಡಿ ಸಾಲ ಎತ್ತಿ 540 ಕೋಟಿ ಡಾಲರ್ ಬೆಲೆಗೆ ಎಟಿಐ ಎಂಬ ಕಂಪನಿಯನ್ನು ಕೊಂಡಿತು. ಮರುವರ್ಷ ತಂದ ಹೊಸ ಚಿಪ್ಪಿನಲ್ಲಿ ದೋಷ ಕಂಡಿತು. 2007ರಲ್ಲಿ 300 ಕೋಟಿ ಡಾಲರಿಗೂ ಮೇಲೆ ನಷ್ಟ, 2008ರಲ್ಲಿಯೂ ಅಷ್ಟೇ. ಹಾಸಿಗೆ ನೋಡಿ ಕಾಲು ಚಾಚಲಿಲ್ಲ.

ಆಗ ಎಎಂಡಿಯ ಚುಕ್ಕಾಣಿ ಹಿಡಿದಿದ್ದವರು ಹೆಕ್ಟರ್ ರುಯಿಜ್. ಇವರು ನಮ್ಮಂತೆ ಗಡಿಯ ಮನುಷ್ಯ. ಮೆಕ್ಸಿಕೋ ದೇಶದ ಗಡಿಯ ಊರು ಪಿಯೆದ್ರಾಸ್ ನೆಗ್ರಾಸ್‌ನಲ್ಲಿ ಹುಟ್ಟಿ, ದಿನವೂ ಗಡಿ ದಾಟಿ ಅಮೆರಿಕದ ಕಡೆಯ ಈಗಲ್ ಪಾಸ್ ಎಂಬ ಊರಿನ ಶಾಲೆಗೆ ಹೋಗಿ ಕಲಿತವರು. ಮಗ್ಗವನ್ನು ಬೇರೆ ಮಾಡುವ ಕಠಿಣ ಕೆಲಸ ಇವರ ಪಾಲಿಗೆ ಬಂತು. 2008ರ ಅಕ್ಟೋಬರದಲ್ಲಿ ಘೋಷಣೆ ಆಯಿತು. 2009ರ ಮಾರ್ಚಿನಲ್ಲಿ ಡ್ರೆಸ್ಡನ್‌ನ ಕಾರಖಾನೆಗಳು ಗ್ಲೋಬಲ್‌ಫೌಂಡ್ರೀಸ್ ಎಂಬ ಹೊಸ ಕಂಪನಿಗೆ ಹೋದವು. ಹಣ ಹಾಕಿದವರು ಅಬುಧಾಬಿಯ ಸರ್ಕಾರಿ ಸಂಸ್ಥೆಯವರು. ಸಾಲದ ಒಂದು ಪಾಲನ್ನೂ ಹೊಸ ಕಂಪನಿ ಹೊತ್ತಿತು. ಮೊದಮೊದಲು ಅದರಲ್ಲಿ ಎಎಂಡಿಯದೂ ಪಾಲಿತ್ತು. 2012ರಲ್ಲಿ ಅದನ್ನೂ ಬಿಟ್ಟುಕೊಟ್ಟಿತು. ಸ್ಯಾಂಡರ್ಸ್ ಕಟ್ಟಿದ ಕಂಪನಿಗೆ ಸ್ವಂತ ಮಗ್ಗ ಇಲ್ಲವಾಯಿತು.

ಮಗ್ಗ ಮಾರಿದ ಮೇಲೆ ಸುಖ ಬಂತೇ? ಕೂಡಲೇ ಬರಲಿಲ್ಲ. ಇಷ್ಟು ಬಿಲ್ಲೆಗಳನ್ನು ನಿಮ್ಮಿಂದಲೇ ಕೊಳ್ಳುತ್ತೇವೆ ಎಂದು ಬರೆದುಕೊಟ್ಟ ಕರಾರಿತ್ತು. ಮಾಲು ಮಾರಾಟವಾಗದೆ ಬಿಲ್ಲೆ ಬೇಡವಾದಾಗ, ತೆಗೆದುಕೊಳ್ಳದ ಬಿಲ್ಲೆಗಳಿಗಾಗಿ 2012ರಲ್ಲಿ 32 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು. ನೇಯಿಸದ ಬಟ್ಟೆಗೂ ಮಜೂರಿ ಕೊಟ್ಟಂತೆ! 2013ರಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿದ್ದ ತನ್ನ ಕಚೇರಿಯನ್ನೇ ಮಾರಿ, ಅದೇ ಕಟ್ಟಡದಲ್ಲಿ ಬಾಡಿಗೆಗೆ ಕುಳಿತಿತು. ಬ್ಯಾಂಕಿನವನಾದ ನನಗೆ ಇಂಥ ಗಿರಾಕಿಯನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಎಎಂಡಿಯ ಶೇರು ಎರಡು ಡಾಲರಿಗಿಂತ ಕೆಳಗೆ ಬಿದ್ದ ದಿನಗಳವು.

2014ರ ಅಕ್ಟೋಬರದಲ್ಲಿ ಲೀಸಾ ಸು ಎಂಬ ಹೆಣ್ಣುಮಗಳು ಮುಖ್ಯಸ್ಥೆಯಾದರು. ತೈವಾನಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿಯೇ ತಂದೆತಾಯಿಗಳೊಡನೆ ಅಮೆರಿಕಕ್ಕೆ ಹೋದವರು. ಚಿಪ್ಪಿನಲ್ಲಿ ತಾಮ್ರ ಬಳಸುವ ವಿದ್ಯೆಯ ಮೇಲೆ ಐಬಿಎಂನಲ್ಲಿ ದುಡಿದಿದ್ದ ಇಂಜಿನಿಯರು. ಅವರು ಕೈಗೆ ಎಟುಕದ ಕೆಲಸಗಳನ್ನು ಬಿಟ್ಟು, ಜ಼ೆನ್ ಎಂಬ ಒಂದೇ ಹೊಸ ನಕ್ಷೆಯ ಬೆನ್ನು ಹತ್ತಿದರು. ಅದರ ಚಿಪ್ 2017ರಲ್ಲಿ ರೈಜ಼ೆನ್ ಎಂಬ ಹೆಸರಿನಲ್ಲಿ ಬಂತು, ಜನ ಮೆಚ್ಚಿದರು. ಜೊತೆಗೆ ಇನ್ನೊಂದು ಯುಕ್ತಿ ಹಿಡಿದರು. ಒಂದು ದೊಡ್ಡ ಚಿಪ್ ಮಾಡುವ ಬದಲು ನಾಲ್ಕಾರು ಸಣ್ಣ ತುಣುಕು ಮಾಡಿ ಹೊಲಿದು ಕೂಡಿಸುವುದು, ನಮ್ಮ ಅಜ್ಜಿಯರ ಕೌದಿಯಂತೆ. ತುಣುಕು ಸಣ್ಣದಾದರೆ ದೋಷಕ್ಕೆ ಹೋಗುವ ಪಾಲೂ ಸಣ್ಣದು, ಇಳುವರಿ ಹೆಚ್ಚು.

ಈಗ ಅಣ್ಣನ ಮನೆಗೆ ಹೋಗೋಣ. ಇಂಟೆಲ್ ಮಗ್ಗವನ್ನು ಬಿಟ್ಟಿರಲಿಲ್ಲ. ಬಿಡುವ ಗರಜೂ ಇರಲಿಲ್ಲ. ಜಗತ್ತಿನಲ್ಲಿ ಅದಕ್ಕಿಂತ ಚೆನ್ನಾಗಿ ಚಿಪ್ ಮಾಡುವವರೇ ಇರಲಿಲ್ಲ. ಒಂದು ಕಾರಖಾನೆಯಲ್ಲಿ ಇಳುವರಿ ಕೂಡಿಬಂದರೆ, ಯಂತ್ರ, ಜೋಡಣೆ, ಕ್ರಮ ಎಲ್ಲವನ್ನೂ ಯಥಾವತ್ತಾಗಿ ಇನ್ನೊಂದರಲ್ಲಿ ನಕಲು ಮಾಡುವುದು ಅದರ ಪದ್ಧತಿ. 2012ರಲ್ಲಿ 22 ನ್ಯಾನೋಮೀಟರ್, 2014ರಲ್ಲಿ ಸ್ವಲ್ಪ ತಡವಾಗಿ 14 ಬಂದವು. ಮುಂದಿನದು 10. ಅದು 2016ಕ್ಕೆ ಬರಬೇಕಾಗಿತ್ತು.

ಬರಲಿಲ್ಲ. ಕಾರಣವೇನು? ಒಂದೇ ಜಿಗಿತದಲ್ಲಿ ಅಷ್ಟೇ ಜಾಗದಲ್ಲಿ 2.7 ಪಟ್ಟು ಟ್ರಾನ್ಸಿಸ್ಟರು ತುರುಕುತ್ತೇವೆಂದು ಹೊರಟಿದ್ದರು. ಗೆರೆ ಎಳೆಯುವ ಬೆಳಕೇ ಗೆರೆಗಿಂತ ದಪ್ಪವಿತ್ತು. ಹೀಗಾಗಿ ಒಂದೇ ಪದರಕ್ಕೆ ನಾಲ್ಕಾರು ಸಲ ಬೆಳಕು ಬಿಟ್ಟು ಕೆರೆಯಬೇಕು. ಪ್ರತಿ ಸಲವೂ ಸಾಲು ತಪ್ಪುವ ಭಯ. ಕೆಲವು ತಂತಿಗಳಿಗೆ ಕೋಬಾಲ್ಟ್ ಎಂಬ ಹೊಸ ಲೋಹವನ್ನೂ ಅದೇ ಹೊತ್ತಿಗೆ ತಂದರು. ಎಲ್ಲ ಹೊಸತನವೂ ಒಂದೇ ಗಳಿಗೆಗೆ ಕೂಡಿ, ಇಳುವರಿ ಕೈಕೊಟ್ಟಿತು.

ತೊಡಕು ಬರುವುದು ತಪ್ಪಲ್ಲ. ಅದನ್ನು ಒಪ್ಪುವುದರಲ್ಲಿ ತಡವಾಯಿತು. ಮುಂದಿನ ವರ್ಷ ಬರುತ್ತದೆ, ಅದರ ಮುಂದಿನ ವರ್ಷ ಖಂಡಿತ ಬರುತ್ತದೆ ಎನ್ನುತ್ತ ಕಾಲ ಕಳೆಯಿತು. ಅಲ್ಲಿಯವರೆಗೆ 14 ನ್ಯಾನೋಮೀಟರ್‌ನ ಹಳೆಯ ತಯಾರಿಕೆಯನ್ನೇ ತಿದ್ದಿ, 14ರ ಮುಂದೆ ಒಂದು ಪ್ಲಸ್, ಆಮೇಲೆ ಎರಡು ಪ್ಲಸ್ ಹಾಕುತ್ತ ಮಾರಿದರು. 10ರ ಮಾಲು ಹೇರಳವಾಗಿ ಹೊರಬರುವ ಹೊತ್ತಿಗೆ 2019 ಆಗಿತ್ತು.

ಬ್ಯಾಂಕಿನಲ್ಲಿ ನಮಗೆ ಹಿರಿಯರು ಕಲಿಸಿದ ಪಾಠವೊಂದಿದೆ. ಸಂಜೆ ಡೇಬುಕ್ ತಾಳೆಯಾಗದೆ ಮನೆಗೆ ಹೋಗಬಾರದು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ 54 ಬರೆಯುವಲ್ಲಿ 45 ಬರೆದಿದ್ದೀಯೆ, ಹುಡುಕು ಎನ್ನುತ್ತಿದ್ದರು. ಒಮ್ಮೆ ನನ್ನಿಂದಲೇ ತಪ್ಪಾಯಿತು. 90 ರೂಪಾಯಿ ವ್ಯತ್ಯಾಸ ಬಂತು. ಮನೆಯಲ್ಲಿ ಹಬ್ಬ, ಬಸ್ಸಿನ ಹೊತ್ತು. ಅದನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಹೊರಟುಬಿಟ್ಟೆ. ನಾಳೆ ನೋಡಿದರಾಯಿತು ಎಂದುಕೊಂಡೆ. ಆ ನಾಳೆಯ ಮೇಲೆ ಇನ್ನೊಂದು ನಾಳೆ ಬಂತು, ಅದರ ಮೇಲೆ ಬೇರೆ ತಪ್ಪುಗಳು ಕುಳಿತವು. ಕೊನೆಗೆ ಒಂದೂವರೆ ತಿಂಗಳ ವೋಚರುಗಳನ್ನೆಲ್ಲ ನೆಲಕ್ಕೆ ಹರವಿ, ಮೂರು ರವಿವಾರ ಕುಳಿತು ಹುಡುಕಬೇಕಾಯಿತು. ಮೊದಲ ದಿನ ಹುಡುಕಿದ್ದರೆ ಅರ್ಧ ತಾಸಿನ ಕೆಲಸ. ಇಂಟೆಲ್‌ನ 10 ನ್ಯಾನೋಮೀಟರ್‌ನ ಕಥೆ ಓದಿದಾಗ ನನಗೆ ಆ ಸಸ್ಪೆನ್ಸ್ ಖಾತೆಯೇ ನೆನಪಾಗುತ್ತದೆ. 1985ರಲ್ಲಿ ಎದುರುಬದುರು ಕುಳಿತು ಸತ್ಯ ಮಾತಾಡಿಕೊಂಡ ಕಂಪನಿ, ಮೂವತ್ತು ವರ್ಷದ ಮೇಲೆ ಆ ಅಭ್ಯಾಸವನ್ನೇ ಮರೆತಿತ್ತು.

ಅಷ್ಟರಲ್ಲಿ ಮಜೂರಿಯ ಮೇಲೆ ನೇಯುವವನೊಬ್ಬ ಬೆಳೆದು ನಿಂತಿದ್ದ. ತೈವಾನಿನ ಟಿಎಸ್‌ಎಂಸಿ. ಮಾರಿಸ್ ಚಾಂಗ್ ಎಂಬವರು 1987ರಲ್ಲಿ ಕಟ್ಟಿದ ಕಂಪನಿ. ಅದು ತನ್ನ ಛಾಪಿನ ಚಿಪ್ ಮಾರುವುದೇ ಇಲ್ಲ; ಬೇರೆಯವರ ನಕ್ಷೆಯನ್ನಷ್ಟೇ ನೇಯುತ್ತದೆ. ನೂರಾರು ಗಿರಾಕಿಗಳ ಕೆಲಸದಿಂದ ಅದರ ಕೈ ಪಳಗಿತ್ತು. 2018ರ ಆಗಸ್ಟಿನಲ್ಲಿ ಗ್ಲೋಬಲ್‌ಫೌಂಡ್ರೀಸ್, 7 ನ್ಯಾನೋಮೀಟರ್‌ನ ಖರ್ಚು ನಮ್ಮಿಂದಾಗದು ಎಂದು ಕೈಚೆಲ್ಲಿತು. ಎಎಂಡಿ ತನ್ನ ಮುಂದಿನ ಚಿಪ್‌ಗಳನ್ನು ಟಿಎಸ್‌ಎಂಸಿಗೆ ಒಯ್ದಿತು. 2019ರ ಜುಲೈಯಲ್ಲಿ ಅಲ್ಲಿ ನೇಯ್ದ 7 ನ್ಯಾನೋಮೀಟರ್‌ನ ರೈಜ಼ೆನ್ ಬಂತು. ಈ ಹೆಸರಿನ ಅಂಕಿಗಳು ಕಂಪನಿಯಿಂದ ಕಂಪನಿಗೆ ಸರಿಹೊಂದುವುದಿಲ್ಲ. ಟಿಎಸ್‌ಎಂಸಿಯ 7, ಇಂಟೆಲ್‌ನ 10ಕ್ಕೆ ಹೆಚ್ಚು ಕಡಿಮೆ ಸಮ. ಆದರೂ ತಯಾರಿಕೆಯಲ್ಲಿ ಸದಾ ಮುಂದಿದ್ದ ಅಣ್ಣ ಹಿಂದೆ ಬಿದ್ದದ್ದು ಎಲ್ಲರಿಗೂ ಕಂಡಿತು.

2020ರ ಜುಲೈಯಲ್ಲಿ ಇಂಟೆಲ್ ತನ್ನ ಮುಂದಿನ 7 ಕೂಡ ತಡವಾಗುತ್ತದೆ ಎಂದು ಹೇಳಿತು. ಮರುದಿನ ಅದರ ಶೇರು ನೂರಕ್ಕೆ ಹದಿನಾರರಷ್ಟು ಬಿತ್ತು. 2021ರಲ್ಲಿ ಹಳೆಯ ನೌಕರರಾದ ಪ್ಯಾಟ್ ಗೆಲ್ಸಿಂಗರ್ ಅವರನ್ನು ಮುಖ್ಯಸ್ಥರಾಗಿ ಕರೆತಂದರು. ಮಗ್ಗವನ್ನು ಉಳಿಸುತ್ತೇವೆ, ಬೇರೆಯವರಿಗೂ ಮಜೂರಿಯ ಮೇಲೆ ನೇಯ್ದುಕೊಡುತ್ತೇವೆ ಎಂದು ಅವರು ಸಾರಿದರು. 2022ರ ಫೆಬ್ರವರಿಯಲ್ಲಿ ಶೇರು ಪೇಟೆಯ ಬೆಲೆಯಲ್ಲಿ ಎಎಂಡಿ ಇಂಟೆಲ್ಲನ್ನು ದಾಟಿತು. 2023ರಲ್ಲಿ ಇಂಟೆಲ್‌ನ ತಯಾರಿಕಾ ವಿಭಾಗವೊಂದರದ್ದೇ 700 ಕೋಟಿ ಡಾಲರ್ ನಷ್ಟ. 2024ರ ಆಗಸ್ಟಿನಲ್ಲಿ ಸುಮಾರು 15 ಸಾವಿರ ಜನರ ನೌಕರಿ ಕಡಿಮೆ ಮಾಡುವುದಾಗಿ ಹೇಳಿತು. ಡಿಸೆಂಬರಿನಲ್ಲಿ ಗೆಲ್ಸಿಂಗರ್ ಹೊರಟರು. 2025ರ ಮಾರ್ಚಿನಲ್ಲಿ ಲಿಪ್-ಬು ಟ್ಯಾನ್ ಬಂದರು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಸರ್ಕಾರವೇ 890 ಕೋಟಿ ಡಾಲರಿಗೆ ಕಂಪನಿಯ ಸುಮಾರು ಹತ್ತನೆಯ ಒಂದು ಪಾಲು ತೆಗೆದುಕೊಳ್ಳುವ ಒಪ್ಪಂದವಾಯಿತು. ಅಕ್ಟೋಬರಿನಲ್ಲಿ ಅರಿಜ಼ೋನಾದ ಹೊಸ ಕಾರಖಾನೆಯಲ್ಲಿ 18ಎ ಎಂಬ ಹೊಸ ತಯಾರಿಕೆ ಶುರುವಾಗಿದೆ ಎಂದು ಇಂಟೆಲ್ ಪ್ರಕಟಿಸಿತು. ಅಣ್ಣ ಇನ್ನೂ ಸೋಲೊಪ್ಪಿಲ್ಲ.

ಹಾಗಾದರೆ ಮಗ್ಗ ಮಾರುವುದೇ ಜಾಣತನವೇ? ಹಾಗೆ ನಾನು ಹೇಳಲಾರೆ. ಎಲ್ಲರೂ ಮಗ್ಗ ಮಾರಿದ್ದರಿಂದಲೇ ಅತಿ ಸೂಕ್ಷ್ಮ ಚಿಪ್‌ಗಳ ಬಹುಪಾಲು ಕೆಲಸ ತೈವಾನ್ ಎಂಬ ಒಂದೇ ನಡುಗಡ್ಡೆಯಲ್ಲಿ ಕೂಡಿಬಿದ್ದಿದೆ. ಅಲ್ಲಿ ಭೂಕಂಪವಾದರೆ, ಯುದ್ಧವಾದರೆ ಗತಿ ಏನು ಎಂದು ದೊಡ್ಡ ದೊಡ್ಡ ದೇಶಗಳೇ ಚಿಂತೆಗೆ ಬಿದ್ದಿವೆ. ಅಮೆರಿಕ 2022ರಲ್ಲಿ ಕಾಯಿದೆ ಮಾಡಿ ತನ್ನ ನೆಲದ ಕಾರಖಾನೆಗಳಿಗೆ ಹಣ ಕೊಡತೊಡಗಿದ್ದು ಈ ಹೆದರಿಕೆಯಿಂದಲೇ. ಒಬ್ಬನನ್ನೇ ನಂಬಬಾರದು ಎಂದು ಐಬಿಎಂ 1981ರಲ್ಲಿ ಹೇಳಿದ ಮಾತಿಗೇ ಜಗತ್ತು ಸುತ್ತಿ ಬಂದು ನಿಂತಿದೆ.

ನನ್ನ ಗುಮಾಸ್ತಬುದ್ಧಿಗೆ ಕಾಣುವುದು ಇಷ್ಟೇ. ಎಎಂಡಿ ಉಳಿದದ್ದು ಮಗ್ಗ ಮಾರಿದ್ದಕ್ಕಲ್ಲ. ತನ್ನಿಂದ ಆಗದ್ದನ್ನು ತನಗೆ ತಾನೇ ಹೇಳಿಕೊಂಡದ್ದಕ್ಕೆ. ಇಂಟೆಲ್ ತೊಡಕಿಗೆ ಬಿದ್ದದ್ದು ಮಗ್ಗ ಉಳಿಸಿಕೊಂಡದ್ದಕ್ಕಲ್ಲ. ಮಗ್ಗದ ದೋಷವನ್ನು ಸಸ್ಪೆನ್ಸ್ ಖಾತೆಯಲ್ಲಿ ವರ್ಷಗಟ್ಟಲೆ ಇಟ್ಟದ್ದಕ್ಕೆ. ಮಾರಿದ ಮಗ್ಗಗಳೂ ನಿಂತಿಲ್ಲ. ಧಣಿ ಬದಲಾದರೂ ಡ್ರೆಸ್ಡನ್‌ನಲ್ಲಿ ಗ್ಲೋಬಲ್‌ಫೌಂಡ್ರೀಸ್‌ನ ಕೆಲಸ ನಡೆದೇ ಇದೆ, ಅಲ್ಲಿಯ ಮನೆಗಳಲ್ಲಿ ಒಲೆ ಉರಿಯುತ್ತಿದೆ. ಎರಡೂ ಕಂಪನಿಗಳ ದೊಡ್ಡ ವಿನ್ಯಾಸ ಕೇಂದ್ರಗಳು ಬೆಂಗಳೂರಿನಲ್ಲಿವೆ. ನಕ್ಷೆ ಬರೆಯುವ ಕೈಗಳಲ್ಲಿ ನಮ್ಮ ಕಡೆಯ ಮಕ್ಕಳ ಕೈಗಳೂ ಸೇರಿವೆ.

ಕೊನೆಗೆ ಆ ಕರಿಯ ತುಣುಕಿನ ಮಾತು. 2024ರಲ್ಲಿ ಇಂಟೆಲ್ ಮಾರಿದ ಲೂನಾರ್ ಲೇಕ್ ಎಂಬ ಚಿಪ್ಪಿನ ಮುಖ್ಯ ಭಾಗಗಳನ್ನು ನೇಯ್ದದ್ದು ತೈವಾನಿನ ಟಿಎಸ್‌ಎಂಸಿ. ತಮ್ಮ ಹೋದ ಮಗ್ಗಕ್ಕೇ ಅಣ್ಣನೂ ನೂಲು ಹೊತ್ತು ಹೋಗಬೇಕಾಯಿತು. ಛಾಪು ಒಬ್ಬನದು, ನೇಯ್ದ ಕೈ ಇನ್ನೊಬ್ಬನದು. ನಮ್ಮ ಶಾಖೆಯ ಹಳೆಯ ಚಿಪ್ಪಿನ ಮೇಲೆ ಕಡೇ ಪಕ್ಷ ಎರಡೂ ಹೆಸರು ಬರೆದಿದ್ದರು.

ನಿಮ್ಮ ಮನೆಯಲ್ಲಿ ಕಂಪ್ಯೂಟರು ಇದ್ದರೆ ಅದರ ಮೇಲಿನ ಚೀಟಿ ಒಮ್ಮೆ ನೋಡಿರಿ. ಇಂಟೆಲ್ ಎಂದಿದ್ದರೂ ಸರಿ, ಎಎಂಡಿ ಎಂದಿದ್ದರೂ ಸರಿ, ಈ ಅಣ್ಣ ತಮ್ಮಂದಿರ ಕಥೆ ನೆನಪಾಗಲಿ. ಮತ್ತು ನಿಮ್ಮ ಹೊಲದ ಲೆಕ್ಕವಿರಲಿ, ಅಂಗಡಿಯ ಲೆಕ್ಕವಿರಲಿ, ತಾಳೆಯಾಗದ್ದನ್ನು ಅದೇ ಸಂಜೆ ಹುಡುಕಿರಿ. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ.